ಕತ್ತಿ ಒರೆಗೆ ಏನೇನು ಕಟ್ಟಬಹುದು, ಎಲ್ಲಿಗೆ ನಿಲ್ಲಿಸಬೇಕು

ಕಾಳುಮೆಣಸು ಕೊಯ್ಲು ಮುಗೀತಾ ಬಂತು. ಇನ್ನು ಕಸಿ, ಆಮೇಲೆ ಮರಗಸಿ. ಮಳೆ ಹಿಡಿಯೋ ತನಕ ನಮ್ಮ ಕಡೆ ಯಾರ ಸೊಂಟದಿಂದಲೂ ಕತ್ತಿ ಕೆಳಗೆ ಇಳಿಯಲ್ಲ. ಹೋದ ವಾರ ಸಂತೆಯಲ್ಲಿ ಇಬ್ಬರು ನನ್ನ ಕತ್ತಿ ಒರೆ ನೋಡಿ, "ಎಂಥದು ಇದು, ಅಂಗಡಿ ಇಟ್ಟಿದ್ದೀರಾ?" ಅಂತ ನಕ್ಕರು. ನಗಲಿ ಬಿಡಿ. ಆದರೆ ಒಬ್ಬರು ಹೋಗೋವಾಗ ಹಿಂದಕ್ಕೆ ಬಂದು, ಯಾವುದು ಯಾಕೆ ಕಟ್ಟಿದ್ದು ಅಂತ ಕೇಳಿದರು. ನಿಂತಲ್ಲೇ ಹೇಳಿ ಮುಗಿಸೋ ವಿಷಯ ಅಲ್ಲ ಅಂತ ಇಲ್ಲಿ ಬರೀತಾ ಇದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಲ್ಲಿ ಓದಿ.

ಮೊದಲು, ಒರೆಗೇ ಯಾಕೆ ಕಟ್ಟಬೇಕು? ಚೀಲ ಇಲ್ವಾ? ಇದೆ. ಆದರೆ ಚೀಲ ಎಲ್ಲಿರುತ್ತೆ ನೋಡಿ. ಬೆಳಗ್ಗೆ ತೋಟಕ್ಕೆ ಇಳಿದಾಗ ಹೆಗಲಲ್ಲಿ. ಒಂಬತ್ತು ಗಂಟೆಗೆ ಬೆವರು ಬಂದ ಕೂಡಲೇ ಹಾಲುವಾಣದ ಕೊಂಬೆಗೆ. ನಾವು ಗಿಡ ಗಿಡ ದಾಟಿ ಇಳಿಜಾರಲ್ಲಿ ಹತ್ತು ಸಾಲು ಕೆಳಗೆ ಹೋದಾಗ ಚೀಲ ಅಲ್ಲೇ ಮೇಲೆ. ಫೋನೂ ಹೆಚ್ಚು ಕಡಿಮೆ ಅದರೊಳಗೇ. ಜೇಬಲ್ಲಿಟ್ಟರೂ ನಮ್ಮ ಕೆಳಗಿನ ಹಳ್ಳದಲ್ಲಿ ನೆಟ್‌ವರ್ಕ್ ಇಲ್ಲ. ಕೊನೆಗೆ ಮೈ ಮೇಲೆ ಉಳಿಯೋದು ಕತ್ತಿ ಒಂದೇ. ಅದನ್ನ ಬಿಟ್ಟು ನಾವು ಹತ್ತು ಹೆಜ್ಜೆ ಹಾಕಲ್ಲ. ಹಾಗಾಗಿ ಮೈ ಮೇಲೆ ಇರಲೇಬೇಕಾದ ವಸ್ತುವಿಗೆ ಜಾಗ ಕತ್ತಿ ಒರೆಯೇ ಅನ್ನೋದು ನನ್ನ ಲೆಕ್ಕ.

ಈ ಲೆಕ್ಕ ಸುಮ್ಮನೆ ಬಂದದ್ದಲ್ಲ. ಎರಡು ವರ್ಷದ ಹಿಂದೆ, ಫೆಬ್ರವರಿ ಕೊನೆ, ಪಕ್ಕದ ತೋಟದಲ್ಲಿ ಮೆಣಸಿನ ಏಣಿಗೆ ಅಡ್ಡ ಬಂದ ಕೊಂಬೆ ಕಡೀತಾ ಇದ್ದ ಒಬ್ಬ ಹುಡುಗನಿಗೆ ಕತ್ತಿ ಜಾರಿ ಎಡಗೈ ಮುಂದೋಳಿಗೆ ಬಿತ್ತು. ಕೂಗು ಕೇಳಿ ನಾನು ಬೇಲಿ ದಾಟಿ ಹೋದೆ. ರಕ್ತ ಕಾಫಿ ಎಲೆ ಮೇಲೆ ತೊಟ್ಟು ತೊಟ್ಟಲ್ಲ, ಸುರೀತಾ ಇತ್ತು. ಆ ತೋಟದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇತ್ತು, ಒಳ್ಳೇ ಪೆಟ್ಟಿಗೆಯೇ. ಅದು ಮೇಲಿನ ಸ್ಟೋರಲ್ಲಿ, ಸ್ಟೋರಿಗೆ ಬೀಗ, ಬೀಗದ ಕೈ ಇದ್ದವರು ಪೇಟೆಗೆ ಹೋಗಿದ್ದರು. ಸುತ್ತ ನಿಂತವರ ಮೈಮೇಲೆ ಇದ್ದದ್ದು ಮಣ್ಣು ಬೆವರು ಹಿಡಿದ ಬಟ್ಟೆ. ನನ್ನ ಒರೆಗೆ ಸುತ್ತಿದ್ದ ಬ್ಯಾಂಡೇಜ್ ಬಿಚ್ಚಿ ಗಾಯದ ಮೇಲೆ ಒತ್ತಿ ಹಿಡಿದೆ. ಇನ್ನೊಬ್ಬ ಕೈ ಮೇಲಕ್ಕೆ ಎತ್ತಿ ಹಿಡಿದ. ರಸ್ತೆಗೆ ಹತ್ತಿ, ಜೀಪಿಗೆ ಹಾಕಿ, ಆಸ್ಪತ್ರೆ ಮುಟ್ಟೋ ತನಕ ಒತ್ತಿದ ಕೈ ತೆಗೀಲಿಲ್ಲ. ಎರಡು ನರ ತುಂಡಾಗಿತ್ತು ಅಂತ ಡಾಕ್ಟ್ರು ಹೇಳಿ ಹೊಲಿಗೆ ಹಾಕಿದರು. ಈಗ ಆ ಹುಡುಗ ಕೆಲಸ ಮಾಡ್ತಾನೆ. ಕಿರುಬೆರಳು ಮಾತ್ರ ಪೂರ್ತಿ ಮಡಚಲ್ಲ. ಮೊನ್ನೆ ಬಂದು ಒರೆ ನೋಡಿ ತನಗೂ ಹಾಗೇ ಒಂದು ಮಾಡಿಕೊಡಿ ಅಂದ. ಮಾಡಿಕೊಟ್ಟೆ.

ಇನ್ನು ಇದು ಹೊಸ ವಿದ್ಯೆ ಏನಲ್ಲ. ನಮ್ಮ ಜಿಲ್ಲೆಯಲ್ಲೇ ನೋಡಿ, ಕೊಡವರ ಪೀಚೆಕತ್ತಿ. ಕುಪ್ಯದ ಮೇಲೆ ಕೆಂಪು ಚೇಲೆ ಕಟ್ಟಿ ಮುಂದೆ ಸಿಕ್ಕಿಸ್ತಾರಲ್ಲ, ಅದು. ಹಳೇ ಪೀಚೆಕತ್ತಿ ಯಾರ ಮನೆಯಲ್ಲಾದರೂ ಇದ್ದರೆ ಕೇಳಿ ನೋಡಿ. ಒರೆಯಿಂದ ಬೆಳ್ಳಿ ಸರಪಳಿ ಇಳಿಬಿದ್ದಿರುತ್ತೆ, ಅದರ ತುದಿಯಲ್ಲಿ ಸಣ್ಣ ಚಿಮಟ, ಉಗುರು ಚೊಕ್ಕ ಮಾಡೋ ಕಡ್ಡಿ, ಕಿವಿ ಕಡ್ಡಿ. ಈಗ ಮದುವೆಗೆ ಅಲಂಕಾರ ಅಂತ ಕಂಡರೂ, ಮುಳ್ಳು ಕೀಳೋ ಚಿಮಟ ಕತ್ತಿ ಜೊತೆಗೇ ಇರಲಿ ಅನ್ನೋ ಬುದ್ಧಿ ಅದರಲ್ಲಿದೆ.

ಅದೇ ಕೊಡವರ ಒಡಿಕತ್ತಿ ನೋಡಿ. ಅಗಲ, ಭಾರ, ಬಾಗಿದ್ದು. ಬೆನ್ನ ಹಿಂದೆ ಹಿತ್ತಾಳೆ ತೊಡಂಗ್‌ಗೆ ಸಿಕ್ಕಿಸ್ತಾರೆ. ಕೈಲ್ ಪೊಳ್ದ್‌ಗೆ, ಅಂದರೆ ನಾಟಿ ಮುಗಿದು ಸೆಪ್ಟೆಂಬರ್ ಶುರುವಿಗೆ ಆಯುಧ ಪೂಜೆ ಮಾಡೋ ಹಬ್ಬಕ್ಕೆ, ಇದೂ ಹೊರಗೆ ಬರುತ್ತೆ. ಈ ತೊಡಂಗ್‌ಗೆ ಏನೂ ನೇತುಬಿದ್ದಿರಲ್ಲ. ಯಾಕೆ ಅಂತ ನಾನು ಯೋಚನೆ ಮಾಡಿದ್ದು ಹೀಗೆ. ಪೀಚೆಕತ್ತಿ ದಿನದ ಹೆಚ್ಚು ಹೊತ್ತು ಒರೆಯಲ್ಲೇ ಇರೋದು. ಒಡಿಕತ್ತಿ ಎಳೆದು ಬೀಸೋದು, ಮತ್ತೆ ಬೆನ್ನ ಹಿಂದೆ ಕಣ್ಣಿಲ್ಲದೆ ಕೈ ಅಂದಾಜಲ್ಲೇ ಸಿಕ್ಕಿಸೋದು. ಅಲ್ಲೊಂದು ದಾರ, ಒಂದು ಸರಪಳಿ ಇದ್ದರೂ ಅಡ್ಡ ಬರುತ್ತೆ.

ಮೂರನೇದು, ಪಕ್ಕದ ಎಸ್ಟೇಟಿನ ವಾಚ್‌ಮನ್ ನೇಪಾಳದವರು, ಅವರ ಖುಕುರಿ. ಅದರ ಒರೆ ಮರದ್ದು, ಮೇಲೆ ಚರ್ಮ. ಒರೆಯ ಹಿಂಬದಿಯಲ್ಲಿ ಎರಡು ಪುಟ್ಟ ಗೂಡು. ಒಂದರಲ್ಲಿ ಕರ್ದಾ ಅನ್ನೋ ಸಣ್ಣ ಚಾಕು, ಸಣ್ಣ ಪುಟ್ಟ ಕೆಲಸಕ್ಕೆ. ಇನ್ನೊಂದರಲ್ಲಿ ಚಕ್ಮಕ್, ಇದಕ್ಕೆ ಬಾಯಿ ಇಲ್ಲ, ಮೊಂಡು. ದೊಡ್ಡ ಕತ್ತಿಯ ಬಾಯಿ ಸರಿ ಮಾಡೋದಕ್ಕೂ, ಬೆಣಚುಕಲ್ಲಿಗೆ ಹೊಡೆದು ಕಿಡಿ ಎಬ್ಬಿಸೋದಕ್ಕೂ. ಎರಡೂ ನೇತಾಡಲ್ಲ, ಗೂಡಲ್ಲಿ ಬಿಗಿ ಕೂತಿರುತ್ತೆ. ದೊಡ್ಡ ಕತ್ತಿ ಎಳೆಯೋ ಬಾಯಿಗೆ ಅಡ್ಡ ಬರಲ್ಲ.

ಈ ಮೂರನ್ನೂ ಇಟ್ಟುಕೊಂಡು ನಾನು ಮಾಡಿಕೊಂಡ ಕಟ್ಟಳೆ ಇಷ್ಟೇ. ಕತ್ತಿ ಒಂದೇ ಕೈಯಲ್ಲಿ ಹೊರಗೆ ಬರಬೇಕು, ಒಂದೇ ಕೈಯಲ್ಲಿ ಒಳಗೆ ಹೋಗಬೇಕು. ಅದಕ್ಕೆ ಅಡ್ಡ ಬರೋದು ಎಷ್ಟೇ ಉಪಯೋಗದ್ದಾದರೂ ಒರೆಗೆ ಬೇಡ, ಚೀಲಕ್ಕೆ. ಮತ್ತೆ, ಚೀಲದ ತನಕ ಹೋಗಿ ತರೋಕೆ ಸಮಯ ಇರೋ ವಸ್ತುವೂ ಒರೆಗೆ ಬೇಡ. ಈ ಎರಡು ಜರಡಿ ಹಿಡಿದರೆ ಉಳಿಯೋದು ನಾಲ್ಕೇ ಸಾಮಾನು.

ಒಂದು, ಸಾಣೆ ಕಲ್ಲು. ಬೆರಳುದ್ದದ ಚಪ್ಪಟೆ ತುಂಡು, ಅಥವಾ ಹಳೇ ಅರದ ತುದಿ ಮುರಿದು ಮಾಡಿದ್ದು. ಮೊಂಡು ಕತ್ತಿಯೇ ಹೆಚ್ಚು ಜಾರೋದು. ಚೂಪು ಹೋದಾಗ ನಾವು ಜೋರಾಗಿ ಬೀಸ್ತೀವಿ, ಸಿಲ್ವರ್ ಓಕಿನ ಒಣ ಗಂಟಿಗೆ ತಾಗಿ ಕತ್ತಿ ತಿರುಗುತ್ತೆ. ಕಲ್ಲು ಚೀಲದಲ್ಲಿದ್ದರೆ "ಇದೊಂದು ಮರ ಮುಗೀಲಿ" ಅಂತ ಮುಂದೂಡ್ತೀವಿ. ಸೊಂಟದಲ್ಲಿದ್ದರೆ ಅಲ್ಲೇ ನಿಂತು ನಾಲ್ಕು ಎಳೆ ಎಳೀತೀವಿ.

ಎರಡು, ಬ್ಯಾಂಡೇಜ್. ಮೆಡಿಕಲ್‌ನಲ್ಲಿ ಸಿಗೋ ನಾಲ್ಕಿಂಚಿನ ರೋಲ್ ಒಂದು, ಜೊತೆಗೆ ಒಗೆದು ಕುದಿಸಿ ಬಿಸಿಲಲ್ಲಿ ಒಣಗಿಸಿದ ಹಳೇ ಪಂಚೆಯ ತುಂಡು, ಕರ್ಚೀಫಿನಷ್ಟು. ಎರಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಳಿ ತೆಗೆದು, ಒರೆಯ ಕೆಳಗಿನ ಅರ್ಧಕ್ಕೆ ಚಪ್ಪಟೆಯಾಗಿ ಒತ್ತಿ ಸೈಕಲ್ ಟ್ಯೂಬಿನ ಬಳೆ ಹಾಕಿದ್ದೇನೆ. ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕು. ನಮ್ಮ ಹವೆಗೆ ಕವರೊಳಗೂ ಬೂಸ್ಟು ಬರುತ್ತೆ.

ಉಪಯೋಗಿಸೋ ಕ್ರಮವೂ ಹೇಳಿಬಿಡ್ತೇನೆ. ಬಟ್ಟೆ ಗಾಯದ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡೀಬೇಕು, ಕನಿಷ್ಠ ಹತ್ತು ನಿಮಿಷ. ನಿಂತಿತಾ ಅಂತ ಮಧ್ಯೆ ಮಧ್ಯೆ ಎತ್ತಿ ನೋಡಬಾರದು. ರಕ್ತ ಮೇಲಕ್ಕೆ ಬಂದರೆ ಹಳೇ ಬಟ್ಟೆ ತೆಗೀದೆ ಅದರ ಮೇಲೇ ಇನ್ನೊಂದು ಇಟ್ಟು ಒತ್ತಿ. ಕಾಫಿ ಪುಡಿ, ಅರಿಶಿನ, ಸುಣ್ಣ, ಮಣ್ಣು ಯಾವುದೂ ಬೇಡ. ಡಾಕ್ಟ್ರು ಅದನ್ನೆಲ್ಲ ತೊಳೆಯೋದಕ್ಕೇ ಅರ್ಧ ಗಂಟೆ ಕಳೀತಾರೆ, ನೋವು ಬೇರೆ. ಬೆರಳೇ ತುಂಡಾದರೆ ಆ ತುಂಡನ್ನ ಚೊಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನ ಐಸಿನ ಮೇಲಿಟ್ಟು ತಗೊಂಡು ಹೋಗಬೇಕು. ಐಸು ನೇರ ತಾಗಬಾರದು. ಬ್ಯಾಂಡೇಜಿನ ಕವರ್ ಅಲ್ಲಿ ಕೆಲಸಕ್ಕೆ ಬರುತ್ತೆ. ಗಾಯ ಸಣ್ಣದಾದರೂ ಟೆಟನಸ್ ಸೂಜಿ ಬಿಡಬೇಡಿ.

ಮೂರು, ವಿಸಿಲ್. ಪಿ.ಟಿ. ಮೇಷ್ಟ್ರ ಹತ್ತಿರ ಇರುತ್ತಲ್ಲ, ಆ ಥರದ್ದು, ಆದರೆ ಪ್ಲಾಸ್ಟಿಕ್ಕಿನದು ಒಳ್ಳೇದು, ತುಕ್ಕು ಹಿಡಿಯಲ್ಲ. ಬಿದ್ದು ಸೊಂಟಕ್ಕೆ ಪೆಟ್ಟಾದವನಿಗೆ ಜೋರಾಗಿ ಕೂಗೋಕೆ ಉಸಿರು ಸಾಲಲ್ಲ. ಎರಡು ಸಲ ಕೂಗಿದರೆ ಗಂಟಲು ಬಿದ್ದುಹೋಗುತ್ತೆ. ವಿಸಿಲಿಗೆ ಸ್ವಲ್ಪ ಉಸಿರು ಸಾಕು, ಹಳ್ಳದಿಂದ ಮೇಲಕ್ಕೆ ಕೇಳುತ್ತೆ. 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಕರೆಂಟ್ ಇಲ್ಲ, ಫೋನಿಲ್ಲ, ಮಳೆ ಸದ್ದಿಗೆ ಕೂಗೂ ಕೇಳಲ್ಲ ಅನ್ನೋ ಸ್ಥಿತಿ ನಾವೆಲ್ಲ ಕಂಡವರೇ. ಒಂದು ಮಾತು, ಇದು ಆನೆ ಓಡಿಸೋ ಸಾಮಾನಲ್ಲ. ಆನೆ ಹತ್ತಿರ ಇದ್ದರೆ ಬಾಯಿ ಮುಚ್ಚಿಕೊಂಡು ಬಂದ ದಾರಿಯಲ್ಲಿ ಹಿಂದೆ ಸರಿಯೋದೇ. ವಿಸಿಲ್ ಮನುಷ್ಯರನ್ನ ಕರೆಯೋಕೆ.

ನಾಲ್ಕು, ಸೈಕಲ್ ಟ್ಯೂಬಿನ ಬಳೆಗಳು. ಹಳೇ ಟ್ಯೂಬನ್ನ ಅಡ್ಡಕ್ಕೆ ಒಂದಿಂಚು ಅಗಲ ಕತ್ತರಿಸಿದರೆ ಬಳೆ ಬಳೆಯಾಗಿ ಬರುತ್ತೆ. ಇದು ಬೇರೆ ಸಾಮಾನನ್ನ ಒರೆಗೆ ಹಿಡಿದಿಡುತ್ತೆ, ತಾನೂ ಒಂದು ಸಾಮಾನು. ಕತ್ತಿ ಹಿಡಿ ಸಡಿಲಾದರೆ ಸುತ್ತೋಕೆ, ಮೆಣಸಿನ ಬಳ್ಳಿ ಮರಕ್ಕೆ ಒರಗಿಸೋಕೆ. ಮಳೆಗಾಲದಲ್ಲಿ ಒದ್ದೆ ಸೌದೆಗೆ ಬೆಂಕಿ ಹಿಡಿಸಬೇಕಾದರೆ ಒಂದು ಬಳೆ ಕತ್ತರಿಸಿ ಕಡ್ಡಿ ಗೀರಿ. ನೆನೆದಿದ್ದರೂ ಉರಿಯುತ್ತೆ. ಹೊಗೆ ಕೆಟ್ಟದ್ದು, ಮನೆಯೊಳಗೆ ಬೇಡ.

ನಾಲ್ಕೂ ಸೇರಿ ಅಡುಗೆ ಮನೆ ತಕ್ಕಡಿಯಲ್ಲಿ ಇಟ್ಟೆ, 150 ಗ್ರಾಂ ದಾಟಲಿಲ್ಲ. ಕತ್ತಿಯೇ 700 ಗ್ರಾಂ ಇದೆ. ಹಾಗಾಗಿ ಭಾರ ಅನ್ನೋ ಮಾತಿಲ್ಲ.

ಈಗ ಕಟ್ಟಬಾರದ್ದು. ಜಿಗಣೆಗೆ ಉಪ್ಪಿನ ಗಂಟು ಕಟ್ಟೋರು ಬಹಳ ಜನ ಇದ್ದೀರಿ. ಉಪ್ಪು ಮಳೆಗಾಲದ ಗಾಳಿಯಲ್ಲೇ ನೀರು ಕುಡಿದು ಸೋರುತ್ತೆ, ಆ ನೀರು ಒರೆಗೆ ಇಳಿದರೆ ವಾರದಲ್ಲಿ ಕತ್ತಿ ಬಾಯಿಗೆ ತುಕ್ಕು. ಉಪ್ಪು ಬೇಕು, ಆದರೆ ಗಟ್ಟಿ ಮುಚ್ಚಳದ ಮಾತ್ರೆ ಡಬ್ಬಿಯಲ್ಲಿ, ಕತ್ತಿಯ ಆಚೆ ಮಗ್ಗುಲಿಗೆ ಕಟ್ಟಿ. ಲೈಟರ್ ಮಳೆಗಾಲಕ್ಕೆ ಸರಿ, ಫೆಬ್ರವರಿಯಿಂದ ಮೊದಲ ಮಳೆ ತನಕ ಒಣಗಿದ ತೋಟದಲ್ಲಿ ಸೊಂಟದಲ್ಲಿ ಬೆಂಕಿ ಇಟ್ಟುಕೊಂಡು ತಿರುಗೋದು ಬೇಡ. ಸಣ್ಣ ಟಾರ್ಚ್ ಕೆಲವರು ಕಟ್ತಾರೆ, ಕತ್ತಲಾದ ಮೇಲೆ ಆನೆ ಇರೋ ನಮ್ಮ ಕಡೆ ತೋಟದೊಳಗೆ ನಮಗೇನು ಕೆಲಸ?

ಹಾವು ಕಚ್ಚಿದರೆ ಅಂತ ಬ್ಲೇಡು, ಬಿಗಿಯೋಕೆ ಹುರಿ ಕಟ್ಟಿಕೊಂಡು ತಿರುಗೋ ಹಿರಿಯರು ಈಗಲೂ ಇದ್ದಾರೆ. ದಯವಿಟ್ಟು ಅವರ ಒರೆಯಿಂದ ಆ ಎರಡನ್ನೂ ಬಿಚ್ಚಿಸಿ. ಕಚ್ಚಿದ ಜಾಗ ಕೊಯ್ಯಬಾರದು, ಹೀರಬಾರದು, ಹುರಿ ಬಿಗಿಯಬಾರದು. ಬಿಗಿದ ಕೈ ಕಾಲು ಕೊಳೆತು ಹೋಗುವ ಅಪಾಯ ಇದೆ. ಕೈ ಕಾಲು ಅಲುಗಾಡದ ಹಾಗೆ ಕೋಲಿಗೆ ಸಡಿಲಾಗಿ ಕಟ್ಟಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡೋಕೆ ಒಬ್ಬರನ್ನ ಓಡಿಸಿ.

ಒರೆಯ ವಿಷಯಕ್ಕೆ ಬರೋಣ. ನಮ್ಮ ಅಪ್ಪನ ಕಾಲದ ಮರದ ಕತ್ತಿಕೊಕ್ಕೆ ಗದ್ದೆ ಕೆಲಸಕ್ಕೆ ಈಗಲೂ ಒಳ್ಳೇದೇ. ಗಾಳಿ ಆಡುತ್ತೆ, ಕತ್ತಿ ಒಣಗಿರುತ್ತೆ. ಆದರೆ ಅದರಲ್ಲಿ ಬಾಯಿ ಬೆತ್ತಲೆ. ಏಣಿ ಹತ್ತೋರಿಗೆ, ಜಾರೋ ಇಳಿಜಾರಲ್ಲಿ ಇಳಿಯೋರಿಗೆ ಮುಚ್ಚಿದ ಒರೆ ಬೇಕು. ಚರ್ಮದ್ದು ಬೇಸಿಗೆಗೆ ಸರಿ, ಮಳೆಗಾಲದಲ್ಲಿ ನೀರು ಹಿಡಿದು ಕತ್ತಿ ತಿನ್ನುತ್ತೆ. ನಾನು ಮಾಡಿದ್ದು ಪಿವಿಸಿ ಪೈಪಿನದು. ಮೋಟಾರಿಗೆ ಹಾಕಿ ಉಳಿದ 63 ಎಂಎಂ ಪೈಪು, ಕತ್ತಿ ಬಾಯಿಗಿಂತ ಎರಡಿಂಚು ಉದ್ದ. ಕುದಿಯೋ ನೀರಲ್ಲಿ ಅದ್ದಿ ಮೆತ್ತಗಾದ ಮೇಲೆ ಎರಡು ಹಲಗೆ ಮಧ್ಯೆ ಒತ್ತಿದರೆ ಚಪ್ಪಟೆಯಾಗುತ್ತೆ, ಒಳಗೆ ಕತ್ತಿಯಷ್ಟೇ ದಪ್ಪದ ಮರದ ಪಟ್ಟಿ ಇಟ್ಟು ಒತ್ತಬೇಕು. ಬೆಂಕಿಯಲ್ಲಿ ನೇರ ಸುಡಬೇಡಿ, ಪಿವಿಸಿ ಹೊಗೆ ವಿಷ. ತುದಿಗೆ ನೀರು ಇಳಿಯೋಕೆ ಒಂದು ತೂತು. ಬಾಗಿದ ಕತ್ತಿಗೆ ಇದು ಆಗಲ್ಲ, ನೇರ ಕತ್ತಿಗೆ ಮಾತ್ರ.

ಸಾಮಾನೆಲ್ಲ ಒರೆಯ ಕೆಳಗಿನ ಅರ್ಧಕ್ಕೆ, ಹೊರ ಮೈಗೆ. ಬಾಯಿ ಹತ್ತಿರ ನಾಲ್ಕು ಬೆರಳು ಜಾಗ ಖಾಲಿ ಇರಲಿ. ಕತ್ತಿ ಎಳೆಯೋವಾಗ ಆಗೋ ಗಾಯಕ್ಕಿಂತ ಒಳಗೆ ತುರುಕೋವಾಗ ಆಗೋದು ನಮ್ಮ ಕೇರಿಯಲ್ಲಿ ನಾನು ಹೆಚ್ಚು ಕಂಡಿದ್ದೇನೆ. ಮಾತಾಡ್ತಾ, ಬೇರೆ ಕಡೆ ನೋಡ್ತಾ ತುರುಕೋದು, ಎಡಗೈ ಹೆಬ್ಬೆರಳು ಒರೆ ಬಾಯಲ್ಲಿ. ಅಲ್ಲೊಂದು ಗಂಟು ದಾರ ಇದ್ದರೆ ಎಡಗೈ ಅಲ್ಲಿಗೆ ಹೋಗಲೇಬೇಕಾಗುತ್ತೆ.

ಒರೆ ಕಟ್ಟೋದು ಪಕ್ಕೆಗಿಂತ ಸ್ವಲ್ಪ ಹಿಂದೆ. ಬೆನ್ನುಮೂಳೆಯ ನೇರಕ್ಕೆ ಕಲ್ಲು, ಡಬ್ಬಿ ಇಡಬೇಡಿ. ಮಳೆಯಲ್ಲಿ ಅಂಗಾತ ಬಿದ್ದರೆ ಎಲ್ಲಾ ಭಾರ ಅದರ ಮೇಲೇ.

ಯಾವುದೂ ಜೋತಾಡಬಾರದು. ಒಂದು ಗೇಣು ದಾರ ಸಾಕು ಏಣಿ ಮೆಟ್ಟಿಲಿಗೆ ಸಿಕ್ಕಿ ಮನುಷ್ಯನನ್ನ ಕೆಳಗೆ ಹಾಕೋಕೆ. ಕಳೆ ಕೊಚ್ಚೋ ಮೆಷಿನ್ ಹಿಡಿಯೋರು ಇನ್ನೂ ಹುಷಾರು, ಹುರಿ ತಿರುಗೋ ದಂಡಕ್ಕೆ ಸುತ್ತಿಕೊಳ್ಳುತ್ತೆ. ವಿಸಿಲಿಗೆ ಮಾತ್ರ ದಾರ ಬೇಕು, ಬಾಯಿಗೆ ಮುಟ್ಟಬೇಕಲ್ಲ. ಅದನ್ನ ಒರೆಗೆ ಕಟ್ಟೋ ಗಂಟಿನ ಜಾಗದಲ್ಲಿ ಹೊಲಿಗೆ ನೂಲು ಹಾಕಿ. ಜಗ್ಗಿದರೆ ನೂಲು ಹರೀಬೇಕು, ನಾವು ಬೀಳಬಾರದು. ಬೈಕ್ ಹತ್ತೋ ಮೊದಲು ಒರೆ ಬಿಚ್ಚಿ ಚೀಲಕ್ಕೆ ಹಾಕಿ.

ಕಟ್ಟಿದ ಮೇಲೆ ಪರೀಕ್ಷೆ ಮಾಡಿ. ಕತ್ತಿ ಇಲ್ಲದ ಖಾಲಿ ಒರೆ ಕಟ್ಟಿಕೊಂಡು ಒಂದು ದಿನ ತೋಟ ತಿರುಗಿ. ಕಾಫಿ ಸಾಲಲ್ಲಿ ನುಗ್ಗಿ, ಕುಕ್ಕರುಗಾಲಲ್ಲಿ ಕೂತು ಏಳಿ, ಏಣಿಯ ಮೊದಲ ನಾಲ್ಕು ಮೆಟ್ಟಿಲು ಹತ್ತಿ ಇಳಿಯಿರಿ. ಸಿಕ್ಕಿಕೊಂಡದ್ದು, ಚುಚ್ಚಿದ್ದು ಯಾವುದಿದ್ದರೂ ತೆಗೆದುಹಾಕಿ. ಸಂಜೆ ಕಣ್ಣು ಮುಚ್ಚಿ, ಎಡಗೈಯಲ್ಲಿ ಬ್ಯಾಂಡೇಜ್ ಬಿಚ್ಚಿ ನೋಡಿ, ಆಮೇಲೆ ಬಲಗೈಯಲ್ಲಿ. ಗಾಯ ಯಾವ ಕೈಗೆ ಆಗುತ್ತೆ ಅಂತ ಮೊದಲೇ ಬರೆದುಕೊಟ್ಟಿರಲ್ಲ.

ಕೊನೆಯದಾಗಿ ನಿಮ್ಮೆಲ್ಲರಲ್ಲಿ ಒಂದು ಕೇಳಿಕೆ. ಕಲ್ಲು, ಬಟ್ಟೆ, ಟ್ಯೂಬು ನನ್ನೊಬ್ಬನ ಸೊಂಟದಲ್ಲಿದ್ದರೂ ಕೆಲಸ ಮಾಡುತ್ತೆ. ವಿಸಿಲ್ ಹಾಗಲ್ಲ, ಕೇಳಿದವರಿಗೆ ಅದರ ಅರ್ಥ ಗೊತ್ತಿರಬೇಕು. ಮೊದಲೆಲ್ಲ ಒಂದು ತೋಟದಲ್ಲಿ ಇಪ್ಪತ್ತು ಜನ ಇರ್ತಿದ್ದರು. ಈಗ ಆಳಿಲ್ಲ, ಮಕ್ಕಳು ಬೆಂಗಳೂರಲ್ಲಿ, ಐವತ್ತು ದಾಟಿದ ನಾವು ಒಬ್ಬೊಬ್ಬರೇ ಮರ ಹತ್ತೋದು. ಬಿದ್ದರೆ ಮಧ್ಯಾಹ್ನ ಊಟಕ್ಕೆ ಬರಲಿಲ್ಲ ಅಂತ ಮನೆಯವರು ಹುಡುಕೋ ತನಕ ಅಲ್ಲೇ. ನಮ್ಮ ಓಣಿಯ ಆರು ಮನೆಯವರು ಮಾತಾಡಿಕೊಂಡಿದ್ದೇವೆ. ಮೂರು ಉದ್ದ ಊದಿದರೆ "ಬನ್ನಿ, ಸಹಾಯ ಬೇಕು". ಕೇಳಿದವರು ಎರಡು ಊದಿದರೆ "ಕೇಳಿಸ್ತು, ಬರ್ತಾ ಇದ್ದೇವೆ". ತಮಾಷೆಗೆ ಊದೋ ಹಾಗಿಲ್ಲ, ಮಕ್ಕಳಿಗೂ ಹೇಳಿದ್ದೇವೆ.

ಹಳ್ಳದ ಆಚೆ ಕಡೆಯವರೂ ಇದನ್ನೇ ಇಟ್ಟುಕೊಂಡರೆ ಒಳ್ಳೇದು, ಎರಡೂ ದಡಕ್ಕೆ ಸದ್ದು ಕೇಳುತ್ತೆ. ಭಾನುವಾರ ಬೆಳಗ್ಗೆ ನಾನು ಮನೆಯಲ್ಲೇ ಇರ್ತೇನೆ, ಪೈಪಿನ ತುಂಡು ಐದಾರು ಉಳಿದಿದೆ. ನಿಮ್ಮ ಕತ್ತಿ ತಗೊಂಡು ಬನ್ನಿ, ಅಳತೆಗೆ ಒತ್ತಿಕೊಡ್ತೇನೆ. ವಿಸಿಲ್ ನೀವೇ ತರಬೇಕು.